ಜಡ್ಡಿನ ಜಮಾಬಂದಿ

ಮನುಷ್ಯನಿಗೆ ಜಡ್ಡು ಬರುವುದು ಬಹು ಹಳೆಯ ಸಂಗತಿ. ಆ ಜಡ್ಡಿಗೆ ನಂಬರು ಬಂದದ್ದು ಮಾತ್ರ ಈಚಿನ ಮಾತು. ನನ್ನ ಅಜ್ಜನಿಗೆ ಬಂದದ್ದು ಬರಿಯ ಚಳಿಜ್ವರ. ಅದು ಬಂದಿತು, ಕಾಡಿತು, ಹೋಯಿತು. ಅದಕ್ಕೊಂದು ಸಂಖ್ಯೆ ಇದ್ದಿತೆಂದು ಅಜ್ಜನಿಗೂ ತಿಳಿಯದು, ಜ್ವರಕ್ಕೂ ತಿಳಿಯದು. ನನಗೆ ತಿಳಿದಿದೆ, ಏಕೆಂದರೆ ಕಳೆದ ಇಪ್ಪತ್ತು ವರ್ಷಗಳಿಂದ ನನ್ನ ಹೊಟ್ಟೆ ತುಂಬುತ್ತಿರುವುದು ಪರರ ಜಡ್ಡಿಗೆ ನಂಬರು ಹಚ್ಚುವ ಕೆಲಸದಿಂದಲೇ.

ನಾನು ಆಸ್ಪತ್ರೆಯೊಂದರ ದಾಖಲೆ ವಿಭಾಗದ ಗುಮಾಸ್ತ. ಯಾದಗಿರಿ, ಶಹಾಪುರ, ಸುರಪುರ ಈ ಮೂರರಲ್ಲಿ ಯಾವ ಊರಿನ ಆಸ್ಪತ್ರೆ ಎಂಬುದನ್ನು ಹೇಳುವುದಿಲ್ಲ. ಹೇಳಿದರೂ ವ್ಯತ್ಯಾಸವೇನಿಲ್ಲ, ಮೂರೂ ಕಡೆಯ ಜನ ನಮ್ಮ ಕಿಟಕಿಯ ಮುಂದೆ ನಿಲ್ಲುತ್ತಾರೆ. ಭೀಮಾ ತೀರದವರು, ನಾರಾಯಣಪುರ ಅಣೆಕಟ್ಟಿನ ಕಾಲುವೆಯ ಕೆಳಗೆ ಭತ್ತ, ಹತ್ತಿ, ಮೆಣಸಿನಕಾಯಿ ಬೆಳೆಯುವವರು, ನೀರಾವರಿ ಕಾಣದ ತಾಂಡಾಗಳವರು, ಎಲ್ಲರೂ ಬರುತ್ತಾರೆ. ವೈದ್ಯರು ಅವರನ್ನು ನೋಡುತ್ತಾರೆ. ನಾನು ಅವರ ಕಾಗದವನ್ನು ನೋಡುತ್ತೇನೆ. ಕಾಗದದ ಮೇಲೆ ವೈದ್ಯರು ಗೀಚಿದ್ದನ್ನು ಓದಿ, ಅದಕ್ಕೆ ತಕ್ಕ ಸಂಕೇತವನ್ನು ಪಟ್ಟಿಯಿಂದ ಹುಡುಕಿ ಕಂಪ್ಯೂಟರಿಗೆ ತುಂಬುತ್ತೇನೆ. ತಾಲ್ಲೂಕಿನ ಜಮೀನಿಗೆಲ್ಲ ವರ್ಷಕ್ಕೊಮ್ಮೆ ಜಮಾಬಂದಿ ನಡೆಯುವಂತೆ, ಜನರ ಜಡ್ಡಿಗೆ ನನ್ನ ಮೇಜಿನ ಮೇಲೆ ದಿನವೂ ಜಮಾಬಂದಿ.

ಈ ವರ್ಷ ಮೇಲಿನವರು ನನಗೊಂದು ಕೆಲಸ ಒಪ್ಪಿಸಿದರು. ಹಳೆಯ ಸಂಕೇತಗಳ ಪಟ್ಟಿಯಿಂದ ಹೊಸ ಪಟ್ಟಿಗೆ ಆಸ್ಪತ್ರೆಯನ್ನು ದಾಟಿಸುವುದು ಹೇಗೆಂದು ಒಂದು ಯೋಜನೆ ಬರೆದು ಕೊಡಬೇಕು. ಆದೇಶ ಬಂದ ಮೇಲೆ ಓಡಾಡುವುದಕ್ಕಿಂತ ಮೊದಲೇ ಸೊಂಟ ಕಟ್ಟಿ ನಿಂತಿರೋಣ ಎಂದು ಅವರ ಅಭಿಪ್ರಾಯ. ಸರ್ಕಾರದ ಆದೇಶಕ್ಕೆ ಮೊದಲೇ ಸಿದ್ಧವಾಗುವ ಕಚೇರಿ ನಮ್ಮ ಸೀಮೆಯಲ್ಲಿ ಅಪರೂಪ. ಆ ಒಂದು ಸಂತೋಷಕ್ಕೇ ನಾನು ಒಪ್ಪಿಕೊಂಡೆ.

ಈ ಪಟ್ಟಿಯ ಹೆಸರು ಐ.ಸಿ.ಡಿ., ಎಂದರೆ ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣ. ಪ್ಯಾರಿಸ್ ನಗರದ ಅಂಕಿಸಂಖ್ಯೆಗಳನ್ನು ನೋಡಿಕೊಳ್ಳುತ್ತಿದ್ದ ಜಾಕ್ ಬರ್ತಿಯೋ ಎಂಬಾತ 1893ರಲ್ಲಿ ಶಿಕಾಗೋ ನಗರದ ಸಭೆಯೊಂದರಲ್ಲಿ ಸಾವಿನ ಕಾರಣಗಳ ಪಟ್ಟಿಯನ್ನು ಮಂಡಿಸಿದ. ಅದೇ ಇದರ ಮೂಲ. 1948ರಲ್ಲಿ ಆರನೆಯ ಪರಿಷ್ಕರಣದ ಹೊತ್ತಿಗೆ ಅದು ವಿಶ್ವ ಆರೋಗ್ಯ ಸಂಸ್ಥೆಯ ಕೈಗೆ ಬಂದಿತು; ಸಾವಿನ ಪಟ್ಟಿಯೊಡನೆ ಬದುಕಿರುವವರ ರೋಗಗಳೂ ಸೇರಿಕೊಂಡವು. ನಾವು ಈಗ ಬಳಸುವ ಹತ್ತನೆಯದು 1990ರಲ್ಲಿ ಒಪ್ಪಿಗೆ ಪಡೆದದ್ದು. ಹನ್ನೊಂದನೆಯದಕ್ಕೆ 2019ರ ಮೇ ತಿಂಗಳಲ್ಲಿ ಮುದ್ರೆ ಬಿದ್ದು 2022ರ ಜನವರಿ 1ರಿಂದ ಜಾರಿಯೆಂದು ಸಾರಿದ್ದಾಯಿತು. ಜಾರಿಯೆಂದರೆ ಎಲ್ಲರೂ ಅಂದೇ ಹಾರಿಬಿಟ್ಟರೆಂದಲ್ಲ. 1990ರ ಪಟ್ಟಿಗೆ ಅಮೆರಿಕದ ಆಸ್ಪತ್ರೆಗಳು ಬಂದು ಸೇರಿದ್ದು 2015ರ ಅಕ್ಟೋಬರಿನಲ್ಲಿ, ಅದೂ ಎರಡು ಬಾರಿ ಗಡುವು ಮುಂದೂಡಿದ ಮೇಲೆ. ಈ ವಿಷಯವನ್ನು ಯೋಜನೆಯ ಮೊದಲ ಪುಟದಲ್ಲೇ ಬರೆದಿದ್ದೇನೆ. ನಿಧಾನಕ್ಕೆ ದೊಡ್ಡವರ ಬೆಂಬಲವಿರುವುದು ಒಳ್ಳೆಯದು.

ಹಳೆಯ ಪಟ್ಟಿಯಲ್ಲಿ ಸುಮಾರು 14 ಸಾವಿರ ಸಂಕೇತಗಳಿದ್ದರೆ ಹೊಸದರಲ್ಲಿ ಸುಮಾರು 17 ಸಾವಿರ. ಗುಮಾಸ್ತನ ಕಷ್ಟವನ್ನು ಬಲ್ಲ ಪುಣ್ಯಾತ್ಮರು ಯಾರೋ ಈ ಬಾರಿ ಕುಳಿತಿದ್ದರೆಂದು ತೋರುತ್ತದೆ. ಇಂಗ್ಲಿಷಿನ ‘ಓ’ ಮತ್ತು ‘ಐ’ ಅಕ್ಷರಗಳನ್ನು ಹೊಸ ಸಂಕೇತಗಳಲ್ಲಿ ಕೈಬಿಟ್ಟಿದ್ದಾರೆ. ಸೊನ್ನೆ ಯಾವುದು, ಓ ಯಾವುದು, ಒಂದು ಯಾವುದು, ಐ ಯಾವುದು ಎಂಬ ಗೊಂದಲ ಇನ್ನಿಲ್ಲ. ಸಹಜ ಹೆರಿಗೆಗೆ ಹಳೆಯ ಸಂಕೇತ ‘ಓ 80’. ತಾಲ್ಲೂಕು ಆಸ್ಪತ್ರೆಗಳಲ್ಲಿ ಅದಕ್ಕಿಂತ ಹೆಚ್ಚು ಬಳಕೆಯ ಸಂಕೇತಗಳು ಕಡಮೆ. ಅದನ್ನು ‘ಸೊನ್ನೆ ಎಂಬತ್ತು’ ಎಂದು ಒತ್ತಿಬಿಟ್ಟರೆ ಕಂಪ್ಯೂಟರಿನ ಮಟ್ಟಿಗೆ ಆ ಮಗು ಹುಟ್ಟಿಯೇ ಇಲ್ಲ. ಹೊಸ ಪಟ್ಟಿಯಲ್ಲಿ ನಿದ್ರೆಯ ತೊಂದರೆಗಳಿಗೇ ಒಂದು ಪ್ರತ್ಯೇಕ ಅಧ್ಯಾಯವಿದೆ. ನಮ್ಮ ಕಚೇರಿಯ ಮಟ್ಟಿಗೆ ಅದು ಎಂದೋ ಬರಬೇಕಾಗಿತ್ತು.

ನಮ್ಮ ಸೀಮೆಯ ಹಿರಿಯರಿಗೆ ಇಂಥ ದಾಟುವಿಕೆ ಹೊಸದಲ್ಲ. ನಿಜಾಮರ ಕಾಲದಲ್ಲಿ ಇಲ್ಲಿ ಎರಡು ರೂಪಾಯಿಗಳಿದ್ದವು. ಹೈದರಾಬಾದಿನ ಹಾಲಿ ಸಿಕ್ಕಾ ಒಂದು, ಇಂಗ್ಲಿಷರ ಕಲ್ದಾರ್ ಇನ್ನೊಂದು. ಏಳು ಹಾಲಿಗೆ ಆರು ಕಲ್ದಾರ್. 1948ರಲ್ಲಿ ಹೈದರಾಬಾದು ಭಾರತಕ್ಕೆ ಸೇರಿದ ಮೇಲೂ ಕೆಲವು ವರ್ಷ ಎರಡೂ ನಡೆದವು. ಅದು ಮುಗಿಯಿತೆನ್ನುವಷ್ಟರಲ್ಲಿ 1957ರಲ್ಲಿ ಆಣೆ ಹೋಗಿ ನಯಾಪೈಸೆ ಬಂದಿತು. ಒಂದು ಆಣೆಗೆ ಆರೂಕಾಲು ಪೈಸೆ. ಆ ಕಾಲು ಪೈಸೆ ಎಲ್ಲಿ ಹೋಗುತ್ತದೆ ಎಂದು ಅಜ್ಜ ಕೇಳುತ್ತಿದ್ದನಂತೆ. ಅಂಗಡಿಯವನ ಗಲ್ಲೆಗೆ ಎಂದು ತಾನೇ ಉತ್ತರವನ್ನೂ ಹೇಳುತ್ತಿದ್ದನಂತೆ. ಸಂಕೇತಗಳ ಬದಲಾವಣೆಯಲ್ಲಿಯೂ ನನಗೆ ಆ ಕಾಲು ಪೈಸೆಯದೇ ಚಿಂತೆ.

ಏಕೆಂದರೆ ಹಾಲಿ ಎಷ್ಟೆಂದು ತಿಳಿದರೆ ಕಲ್ದಾರ್ ಎಷ್ಟೆಂದು ಲೆಕ್ಕ ಹೇಳುತ್ತದೆ. ರೋಗಗಳು ಹಾಗೆ ಬದಲಾಗುವುದಿಲ್ಲ. ಲಕ್ವಾವನ್ನೇ ನೋಡಿ. ಹಳೆಯ ಪಟ್ಟಿಯಲ್ಲಿ ಮಿದುಳಿನ ರಕ್ತನಾಳದ ಆಘಾತ ಹೃದಯ ಮತ್ತು ರಕ್ತಪರಿಚಲನೆಯ ಅಧ್ಯಾಯದಲ್ಲಿದ್ದಿತು. ಹೊಸದರಲ್ಲಿ ಅದು ನರಮಂಡಲದ ಅಧ್ಯಾಯಕ್ಕೆ ವರ್ಗವಾಗಿದೆ. ಮಿದುಳಿನಲ್ಲಿ ಆಗುವುದನ್ನು ಮಿದುಳಿನ ಮನೆಯಲ್ಲಿಡುವುದು ನ್ಯಾಯವೇ. ಆದರೆ ನಾವು ಹೊಸ ಪಟ್ಟಿಗೆ ದಾಟಿದ ವರ್ಷ ನಮ್ಮ ವಾರ್ಷಿಕ ವರದಿಯಲ್ಲಿ ಹೃದಯದ ಸಾಲು ಧುತ್ತನೆ ಇಳಿಯುತ್ತದೆ, ನರಗಳ ಸಾಲು ಅಷ್ಟೇ ಏರುತ್ತದೆ. ಯಾದಗಿರಿ ಜಿಲ್ಲೆ 2018ರಿಂದ ಕೇಂದ್ರ ಸರ್ಕಾರದ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಯಲ್ಲಿದೆ; ಇಲ್ಲಿ ಅಂಕಿಗಳನ್ನು ನೋಡುವ ಕಣ್ಣುಗಳು ಬಹಳ. ಯಾರಾದರೂ ಹೃದ್ರೋಗ ಇಳಿಯಿತೆಂದು ಹಾರ ಹಾಕಿಸಿಕೊಳ್ಳುವ ಮೊದಲು ಅವರಿಗೆ ನಿಜ ತಿಳಿಯಬೇಕು. ಅದಕ್ಕಾಗಿ ಮೊದಲ ಆರು ತಿಂಗಳು ಪ್ರತಿಯೊಂದು ಕಾಗದಕ್ಕೂ ಹಳೆಯದು, ಹೊಸದು, ಎರಡು ಸಂಕೇತಗಳನ್ನೂ ಬರೆಯಬೇಕೆಂದು ಯೋಜನೆಯಲ್ಲಿ ಹೇಳಿದ್ದೇನೆ. ಕೆಲಸ ಎರಡರಷ್ಟಾಗುತ್ತದೆ. ಸಂಬಳ ಒಂದೇ ಇರುತ್ತದೆ.

ಇಷ್ಟರವರೆಗಿನದು ಯಾವ ಊರಿನ ಗುಮಾಸ್ತನಾದರೂ ಬರೆಯಬಹುದಾದ ಯೋಜನೆ. ನನಗೆ ನಿಜವಾಗಿ ಕಷ್ಟವಾದದ್ದು ಇನ್ನು ಮುಂದಿನ ಭಾಗ. ಪಟ್ಟಿ ಎಷ್ಟೇ ಹೊಸದಾಗಲಿ, ಕೇಸ್ ಶೀಟಿನಲ್ಲಿ ಬರೆಯದೆ ಇದ್ದದ್ದನ್ನು ಅದು ಹೇಳಲಾರದು. ಕೇಸ್ ಶೀಟಿನಲ್ಲಿ ಇರುವುದು ವೈದ್ಯರು ಕೇಳಿಸಿಕೊಂಡದ್ದು. ಕೇಳಿಸಿಕೊಳ್ಳಬೇಕಾದದ್ದು ಜನ ತಮ್ಮ ಮಾತಿನಲ್ಲಿ ಹೇಳಿದ್ದು.

ನಮ್ಮ ಕಡೆಯ ಜನ ಹಾವು ಕಚ್ಚಿತೆಂದು ಹೇಳುವುದಿಲ್ಲ. ಹಾವಿನ ಹೆಸರನ್ನು ಎತ್ತಿದರೆ ವಿಷ ಏರುತ್ತದೆಂದು ಭಯ. “ಹುಳ ಮುಟ್ಯಾದ್ರಿ” ಎನ್ನುತ್ತಾರೆ. ದಕ್ಷಿಣದ ಊರಿನಿಂದ ಹೊಸದಾಗಿ ಬಂದ ತರುಣ ವೈದ್ಯರೊಬ್ಬರು ರಾತ್ರಿ ಪಾಳಿಯಲ್ಲಿ ಇದನ್ನು ಕೇಳಿ ‘ಕೀಟದ ಕಡಿತ’ ಎಂದು ಬರೆದರು. ಪುಣ್ಯಕ್ಕೆ ಪಕ್ಕದಲ್ಲಿ ನಮ್ಮ ಹಿರಿಯ ಸಿಸ್ಟರ್ ಇದ್ದರು. ಔಷಧ ಸರಿಯಾದದ್ದೇ ಸಿಕ್ಕಿತು, ಮನುಷ್ಯ ಬದುಕಿದ. ಆದರೆ ಕಾಗದದಲ್ಲಿ ಕೀಟವೇ ಉಳಿಯಿತು. ಬೆಳಗ್ಗೆ ಸಿಸ್ಟರ್ ನನ್ನ ಕಿಟಕಿಗೆ ಬಂದು “ಅಣ್ಣಾರ, ಅದು ಹುಳ ಅಲ್ರಿ, ಹುಳ” ಎಂದರು. ನನಗೆ ಅರ್ಥವಾಯಿತು. ವಾಚಕರಿಗೂ ಆಗಿರಬೇಕು. ಕಾಗದ ವೈದ್ಯರ ಬಳಿಗೆ ಹಿಂತಿರುಗಿ ಹೋಗಿ ‘ಟಿ 63.0’ ಆಗಿ ಬಂದಿತು, ಎಂದರೆ ಹಾವಿನ ವಿಷ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗಗಳ ಸಾಲಿಗೆ ಸೇರಿಸಿತು. ಕೀಟವೆಂದು ಬರೆದ ಹಾವು ಆ ಲೆಕ್ಕಕ್ಕೆ ಬಾರದು. ಲೆಕ್ಕಕ್ಕೆ ಬಾರದ ಹಾವಿಗೆ ಎದುರಾಗಿ ತಾಲ್ಲೂಕಿಗೆ ಎಷ್ಟು ಸೀಸೆ ಔಷಧ ಕಳಿಸಬೇಕೆಂದು ಯಾರು ತಾನೆ ಹೇಳಬಲ್ಲರು?

ಇದಕ್ಕಿಂತ ಬಿಗಿಯಾದ ಗಂಟು ಇನ್ನೊಂದಿದೆ. ನಮ್ಮಲ್ಲಿ ಎಣ್ಣೆ ಎಂದರೆ ಅಡುಗೆಯದು ಮಾತ್ರವಲ್ಲ. ಹತ್ತಿಗೆ, ಮೆಣಸಿನ ಗಿಡಕ್ಕೆ ಹೊಡೆಯುವ ಕೀಟನಾಶಕವೂ ಎಣ್ಣೆಯೇ. ಬೆನ್ನಿಗೆ ಪಂಪು ಕಟ್ಟಿಕೊಂಡು, ಬಾಯಿಗೆ ಬಟ್ಟೆಯಿಲ್ಲದೆ, ಗಾಳಿಗೆ ಎದುರಾಗಿ ಎಣ್ಣೆ ಹೊಡೆಯುತ್ತ ತಲೆ ತಿರುಗಿ ಬಿದ್ದವರು ನಮ್ಮಲ್ಲಿಗೆ ಬರುತ್ತಾರೆ. ಅದನ್ನೇ ಕುಡಿದವರೂ ಬರುತ್ತಾರೆ. ಇಬ್ಬರ ಬಾಯಲ್ಲೂ ನೊರೆ, ಇಬ್ಬರ ಕಣ್ಣಿನ ಪಾಪೆಯೂ ಸಾಸಿವೆಯಷ್ಟು. ಕೊಡುವ ಔಷಧವೂ ಒಂದೇ. ಆದರೆ ಪಟ್ಟಿಯಲ್ಲಿ ಮೂರು ಬಾಗಿಲುಗಳಿವೆ. ಆಕಸ್ಮಿಕವಾದರೆ ‘ಎಕ್ಸ್ 48’, ತಾನಾಗಿ ಕುಡಿದಿದ್ದರೆ ‘ಎಕ್ಸ್ 68’, ಯಾವುದೆಂದು ತಿಳಿಯದಿದ್ದರೆ ‘ವೈ 18’. ಹೊಸ ಪಟ್ಟಿಯಲ್ಲಿ ಸಂಕೇತಗಳು ಬೇರೆ. ಬಾಗಿಲುಗಳು ಅವೇ ಮೂರು.

ಒಂದು ಮಧ್ಯಾಹ್ನ ನಡುವಯಸ್ಸಿನವರೊಬ್ಬರು ನನ್ನ ಕಿಟಕಿಯ ಮುಂದೆ ಬಂದು ನಿಂತರು. ತಮ್ಮ ಒಳಗೆ ಮಲಗಿದ್ದ. ಇವರು ಟವೆಲ್ಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, “ಸಾಹೇಬ್ರ, ಕುಡದಾನಂತ ಬರೀಬ್ಯಾಡ್ರಿ. ಎಣ್ಣಿ ಹೊಡಿಯೋ ಮುಂದ ಆಗ್ಯಾದಂತ ಬರೀರಿ. ತಂಗಿ ಲಗ್ನ ಗೊತ್ತಾಗ್ಯಾದ್ರಿ” ಎಂದರು. ಬರೆಯುವವನು ನಾನಲ್ಲ, ವೈದ್ಯರು ಎಂದೆ. “ಅವರ್ನೂ ಕೇಳೀನ್ರಿ. ಅವ್ರು ನೀವಂತಾರ, ನೀವು ಅವರಂತೀರಿ” ಎಂದರು. ಅವರ ಮಾತು ಸುಳ್ಳಾಗಿರಲಿಲ್ಲ. ವೈದ್ಯರು ‘ಕೀಟನಾಶಕದ ವಿಷ’ ಎಂದಷ್ಟೇ ಬರೆದು ಕಾರಣದ ಜಾಗವನ್ನು ಖಾಲಿ ಬಿಟ್ಟಿದ್ದರು. ಖಾಲಿ ಬಿಟ್ಟದ್ದು ಕರುಣೆಯಿಂದಲೋ ಆತುರದಿಂದಲೋ ನಾನು ಹೇಳಲಾರೆ. ಪೊಲೀಸಿನವರ ಕಾಗದ ಬೇರೆ, ನನ್ನ ಕಾಗದ ಬೇರೆ ಎಂದು ಅವರಿಗೆ ತಿಳಿಸಿ ಹೇಳಿದೆ. ನನ್ನದರಲ್ಲಿ ಹೆಸರು ಹೋಗುವುದಿಲ್ಲ, ಬರಿಯ ಲೆಕ್ಕ ಹೋಗುತ್ತದೆ ಎಂದೆ. “ಲೆಕ್ಕದಾಗ ಹೋದ್ರೂ ನಮ್ಮ ತಮ್ಮನ ಅಲ್ರೀ ಹೋಗೋದು?” ಎಂದರು.

ಈ ಪ್ರಶ್ನೆಗೆ ಯಾವ ಪರಿಷ್ಕರಣದಲ್ಲೂ ಉತ್ತರವಿಲ್ಲ. ಲೆಕ್ಕದ ಕಡೆಯಿಂದ ಯೋಚಿಸಿದರೆ ನಿಜ ಬರೆಯಬೇಕು. ಎಷ್ಟು ಜನ ಹೊಡೆಯುವಾಗ ಬಿದ್ದರು ಎಂಬುದು ತಿಳಿದರೆ ಕೈಚೀಲ, ಮುಖವಾಡ ಹಂಚಬಹುದು. ಎಷ್ಟು ಜನ ಕುಡಿದರು ಎಂಬುದು ತಿಳಿದರೆ ಸಾಲದ ಮಾತು, ಮನಸ್ಸಿನ ಮಾತು ಆಡುವವರನ್ನು ಕಳಿಸಬಹುದು. ಅತಿ ಘೋರವಾದ ಎಣ್ಣೆಗಳನ್ನು ಅಂಗಡಿಯಿಂದಲೇ ತೆಗೆಸಬಹುದು. ಎರಡನ್ನೂ ‘ತಿಳಿಯದು’ ಎಂಬ ಮೂರನೆಯ ಬಾಗಿಲಿನಿಂದ ಒಳಗೆ ಬಿಟ್ಟರೆ ಎರಡು ಕೆಲಸಗಳೂ ಆಗುವುದಿಲ್ಲ. ಆ ಅಣ್ಣನ ಕಡೆಯಿಂದ ಯೋಚಿಸಿದರೆ, ತಂಗಿಯ ಮದುವೆ ಮುಂದಿನ ತಿಂಗಳು. ತಮ್ಮ ನಾಲ್ಕನೆಯ ದಿನ ಕಣ್ಣು ತೆರೆದ. ಕಾರಣವನ್ನು ಅವನೇ ವೈದ್ಯರಿಗೆ ಹೇಳಿದ. ಏನು ಹೇಳಿದನೆಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ. ಸಂಕೇತ ಅದರಂತೆ ಬಿದ್ದಿತು.

ಮೂರನೆಯ ಬಾಗಿಲಿನ ಮಾತು ಬಂದಾಗಲೆಲ್ಲ ನನಗೆ ಸುರಪುರದ ರಾಜಾ ವೆಂಕಟಪ್ಪ ನಾಯಕ ನೆನಪಾಗುತ್ತಾನೆ. 1858ರಲ್ಲಿ ಇಂಗ್ಲಿಷರ ಸೆರೆಯಲ್ಲಿದ್ದಾಗ ಪಿಸ್ತೂಲಿನ ಗುಂಡಿನಿಂದ ಸತ್ತ. ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ಅವನೇ ಹೊಡೆದುಕೊಂಡನೆಂದು ಆತನನ್ನು ಬಾಲ್ಯದಿಂದ ಬಲ್ಲ ಮೆಡೋಸ್ ಟೇಲರ್ ಸಾಹೇಬರು ಬರೆದಿಟ್ಟಿದ್ದಾರೆ. ಊರಿನಲ್ಲಿ ಅದನ್ನು ನಂಬುವವರೂ ಇದ್ದಾರೆ, ನಂಬದವರೂ ಇದ್ದಾರೆ. ಟೇಲರ್ ಸಾಹೇಬರ ಬಂಗಲೆ ಇಂದಿಗೂ ಗುಡ್ಡದ ಮೇಲಿದೆ. ರಾಜನ ಕಾಗದ ನನ್ನ ಮೇಜಿಗೆ ಬಂದಿದ್ದರೆ ‘ವೈ 22’ ಎಂದು ಹಾಕುತ್ತಿದ್ದೆ: ಪಿಸ್ತೂಲಿನ ಗುಂಡು, ಉದ್ದೇಶ ತಿಳಿಯದು. ಆ ಬಾಗಿಲು ಇರುವುದು ಇಂಥವರಿಗಾಗಿ. ನಾಲ್ಕು ದಿನ ಕಾದರೆ ಕಣ್ಣು ತೆರೆಯುವವರಿಗಾಗಿ ಅಲ್ಲ.

ಸುರಪುರ ತಾಲ್ಲೂಕಿನಲ್ಲಿಯೇ ಕಿರದಳ್ಳಿ ತಾಂಡಾ ಎಂಬ ಊರಿದೆ. ಸಮೀಪದ ಮಂಗಳೂರಿನಲ್ಲಿ (ಇದು ಸಮುದ್ರದ ದಡದ ಮಂಗಳೂರಲ್ಲ, ನಮ್ಮದೇ ಕಲ್ಲುಗುಡ್ಡದ ಮಂಗಳೂರು) ಹಿಂದೆ ಚಿನ್ನದ ಗಣಿಯಿದ್ದಿತು. ಚಿನ್ನವಿರುವ ಕಲ್ಲಿನಲ್ಲಿ ಆರ್ಸೆನಿಕ್ ಎಂಬ ಪಾಷಾಣವೂ ಇರುವುದುಂಟು. ಅದು ತಾಂಡಾದ ಕೊಳವೆಬಾವಿಯ ನೀರಿಗೆ ಇಳಿದಿತ್ತು. ಅಂಗೈ ಅಂಗಾಲು ಗಡುಸಾಗಿ ಗಂಟು ಕಟ್ಟುವುದು, ಮೈಮೇಲೆ ಚುಕ್ಕೆ ಬೀಳುವುದು, ಇವು ಆ ನೀರಿನ ಗುರುತುಗಳು. ವಿಜ್ಞಾನಿಗಳು ಬಂದು ನೀರು, ಕೂದಲು, ಉಗುರುಗಳನ್ನು ಪರೀಕ್ಷಿಸಿ 2013ರಲ್ಲಿ ಪ್ರಬಂಧ ಪ್ರಕಟಿಸಿದರು.

ಈ ಪ್ರಬಂಧವನ್ನು ಓದಿದ ಮೇಲೆ ನಾನು ಒಂದು ಲೆಕ್ಕ ಹಾಕಿದೆ. ಗಡುಸಾದ ಅಂಗೈಯನ್ನು ಹಿಡಿದುಕೊಂಡು ಒಬ್ಬಾಕೆ ಆಸ್ಪತ್ರೆಗೆ ಬರುತ್ತಾಳೆ. ವೈದ್ಯರಿಗೆ ನೂರಿಪ್ಪತ್ತು ಜನ ಕಾದಿದ್ದಾರೆ. ‘ಚರ್ಮ ದಪ್ಪವಾಗಿದೆ’ ಎಂದು ಬರೆದು ಮುಲಾಮು ಕೊಡುತ್ತಾರೆ. ನನ್ನ ಮೇಜಿನಲ್ಲಿ ಅದು ‘ಎಲ್ 85.1’ ಆಗುತ್ತದೆ. ಸಂಕೇತ ತಪ್ಪಲ್ಲ, ಪರೀಕ್ಷಕರು ಬಂದರೂ ನೂರಕ್ಕೆ ನೂರು ಅಂಕ ಕೊಡುತ್ತಾರೆ. “ಯಾವೂರವ್ವ? ಯಾವ ಬಾವಿ ನೀರು ಕುಡೀತಿ?” ಎಂದು ಯಾರಾದರೂ ಒಬ್ಬರು ಕೇಳಿದ್ದರೆ ಅದೇ ಕಾಗದ ‘ಟಿ 57.0’ ಆಗುತ್ತಿತ್ತು, ಎಂದರೆ ಪಾಷಾಣದ ವಿಷ. ಮೊದಲನೆಯದು ಹತ್ತು ಸಲ ಬಂದರೂ ಮುಲಾಮಿನ ಬೇಡಿಕೆ ಹೆಚ್ಚುತ್ತದೆ, ಅಷ್ಟೆ. ಎರಡನೆಯದು ಒಂದೇ ಊರಿನಿಂದ ಮೂರು ಸಲ ಬಂದರೆ ಬಾವಿಯನ್ನು ಮುಚ್ಚಬೇಕಾಗುತ್ತದೆ.

ಹಳೆಯ ಪಟ್ಟಿಯಲ್ಲಿ ‘ಬಿ 72’ ಎಂಬ ಸಂಕೇತವೊಂದಿದೆ. ಅದು ನಾರುಹುಣ್ಣು. ನಾನು ಅದನ್ನು ಒಮ್ಮೆಯೂ ಬರೆದಿಲ್ಲ. ಮೆಟ್ಟಿಲು ಬಾವಿಗೆ ಇಳಿದು ನೀರು ತರುತ್ತಿದ್ದ ಕಾಲದಲ್ಲಿ ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ಅದು ಇದ್ದಿತು. ಕಾಲಿನಿಂದ ದಾರದಂಥ ಹುಳುವನ್ನು ಕಡ್ಡಿಗೆ ಸುತ್ತಿ ಎಳೆದದ್ದನ್ನು ಹಿರಿಯರು ಇಂದಿಗೂ ಹೇಳುತ್ತಾರೆ. 1980ರ ದಶಕದಲ್ಲಿ ಆರೋಗ್ಯ ಕಾರ್ಯಕರ್ತರು ಹಳ್ಳಿಹಳ್ಳಿ ಸುತ್ತಿ, ಚಿತ್ರ ತೋರಿಸಿ, “ಇಂಥಾದ್ದು ಯಾರಿಗಾದ್ರೂ ಅದ ಏನವ್ವ?” ಎಂದು ಮನೆಮನೆಗೆ ಕೇಳಿದರು, ಇದೆ ಎಂದ ಊರಿನ ನೀರನ್ನು ಸರಿಪಡಿಸಿದರು. 1996ರಲ್ಲಿ ರಾಜಸ್ಥಾನದಲ್ಲಿ ದೇಶದ ಕೊನೆಯ ರೋಗಿ. 2000ದಲ್ಲಿ ಭಾರತ ಅದರಿಂದ ಮುಕ್ತವೆಂದು ಪ್ರಮಾಣಪತ್ರ. ಅಲ್ಲಿ ಕೆಲಸ ನಡೆದದ್ದು ಕೇಳುವುದರಿಂದ. ಕಂಪ್ಯೂಟರ್ ಆಗ ಜಿಲ್ಲಾ ಕಚೇರಿಗಳಿಗೇ ಸರಿಯಾಗಿ ಬಂದಿರಲಿಲ್ಲ.

ಯೋಜನೆಯ ಸಭೆಯಲ್ಲಿ ನಾನು ಇದನ್ನೆಲ್ಲ ಇಷ್ಟು ಉದ್ದವಾಗಿ ಹೇಳಲಿಲ್ಲ. ಸಭೆಗೆ ಇದ್ದದ್ದು ನಲವತ್ತು ನಿಮಿಷ, ಅದರಲ್ಲಿ ಹತ್ತು ಚಹಕ್ಕೆ. ವೈದ್ಯರೊಬ್ಬರು, ಹೊಸ ಪಟ್ಟಿಯಲ್ಲಿ ಪದ ಟೈಪು ಮಾಡಿದರೆ ಸಂಕೇತ ತಾನಾಗಿ ಬರುತ್ತದಲ್ಲ, ಮತ್ತೆ ತರಬೇತಿ ಏಕೆ ಎಂದರು. ಬರುತ್ತದೆ ನಿಜ. ಆದರೆ ‘ಜ್ವರ’ ಎಂದು ಟೈಪು ಮಾಡಿದರೆ ಜ್ವರದ ಸಂಕೇತವೇ ಬರುತ್ತದೆ. ಸಾವಿನ ಕಾರಣದ ನಾಲ್ಕನೆಯ ನಮೂನೆಯಲ್ಲಿ ‘ಹೃದಯ ನಿಂತಿತು’ ಎಂದು ಬರೆದರೆ ಅದೂ ಬರುತ್ತದೆ. ಸತ್ತವರೆಲ್ಲರ ಹೃದಯವೂ ನಿಂತೇ ಇರುತ್ತದೆ, ನಿಂತದ್ದು ಏಕೆ ಎಂಬುದು ಪ್ರಶ್ನೆ. ನಮೂನೆಯ ಮೇಲೆಯೇ ಹಾಗೆ ಬರೆಯಬೇಡಿರೆಂದು ಅಚ್ಚಾಗಿದೆ. ಅಚ್ಚಾದದ್ದನ್ನು ಓದುವ ಅಭ್ಯಾಸ ನಮ್ಮಲ್ಲಿ ಕಡಮೆ.

ಇನ್ನೊಬ್ಬರು ಆಯುಷ್ ವಿಭಾಗದವರು, ಯುನಾನಿ ಓದಿದವರು. ಅವರಿಗೆ ಮಾತ್ರ ಹೊಸ ಪಟ್ಟಿಯ ಮೇಲೆ ಬಹಳ ಪ್ರೀತಿ. 2024ರ ಜನವರಿಯಲ್ಲಿ ಆಯುರ್ವೇದ, ಸಿದ್ಧ, ಯುನಾನಿಗಳ ಪದಗಳಿಗೂ ವಿಶ್ವ ಆರೋಗ್ಯ ಸಂಸ್ಥೆ ಅದರಲ್ಲಿ ಜಾಗ ಕೊಟ್ಟಿತು. ಹಕೀಮರ ಹೆಸರು ಇಂದಿಗೂ ಬಾಯಲ್ಲಿರುವ ನಮ್ಮ ಊರುಗಳಿಗೆ ಇದು ಸಣ್ಣ ಮಾತಲ್ಲ. “ನಮ್ಮ ಅಬ್ಬಾ ಬರೆದ ಚೀಟಿಗೂ ಇನ್ನು ನಂಬರು ಸಿಗುತ್ತದೆ” ಎಂದು ಅವರು ನಕ್ಕರು.

ಯೋಜನೆಯಲ್ಲಿ ಕೊನೆಗೆ ಉಳಿದದ್ದು ಇಷ್ಟು. ಮೊದಲ ತಿಂಗಳು ಹೊಸ ಪಟ್ಟಿಯನ್ನು ಯಾರೂ ಮುಟ್ಟಬಾರದು. ಆ ತಿಂಗಳು ಹಿರಿಯ ಸಿಸ್ಟರ್ ಮತ್ತು ನಾನು ಕೂಡಿ, ಜನ ಕಿಟಕಿಯಲ್ಲಿ ಹೇಳುವ ಮಾತುಗಳನ್ನು ಬರೆದು, ಪಕ್ಕದಲ್ಲಿ ಅದರ ಅರ್ಥವನ್ನು ಬರೆದು, ಹೊಸದಾಗಿ ಬರುವ ವೈದ್ಯರಿಗೆ ಒಂದು ಪುಸ್ತಿಕೆ ಮಾಡಿಕೊಡಬೇಕು: ಹುಳ, ಎಣ್ಣಿ, ಲಕ್ವಾ, ಜಡ್ಡು. ಕೇಸ್ ಶೀಟಿನಲ್ಲಿ ಊರಿನ ಹೆಸರಿನ ಕೆಳಗೆ ಕುಡಿಯುವ ನೀರು ಎಲ್ಲಿಯದು ಎಂಬ ಒಂದು ಸಾಲು ಸೇರಬೇಕು. ಎಣ್ಣೆಯ ಕೇಸುಗಳಲ್ಲಿ ಕಾರಣದ ಜಾಗವನ್ನು ಮೊದಲ ದಿನವೇ ತುಂಬದೆ, ರೋಗಿ ಮಾತಾಡುವ ಸ್ಥಿತಿಗೆ ಬಂದ ಮೇಲೆ, ಮನೆಯವರು ಇಲ್ಲದಾಗ ಕೇಳಿ ತುಂಬಬೇಕು. ಆಮೇಲೆ ಆರು ತಿಂಗಳು ಜೋಡಿ ಸಂಕೇತ. ಆಮೇಲೆ ದಾಟುವುದು.

ಕಾಗದ ಮೇಲಕ್ಕೆ ಹೋಗಿ ಮೂರು ವಾರವಾಯಿತು. ಮೊನ್ನೆ ಉತ್ತರ ಬಂದಿತು: ಎಷ್ಟು ಕಂಪ್ಯೂಟರ್ ಬೇಕು, ತಿಳಿಸಿರಿ. ಎರಡು ಎಂದು ಬರೆದೆ. ಅದರ ಕೆಳಗೆ, ತುರ್ತು ವಿಭಾಗದ ಬಾಗಿಲಿಗೆ ಒಂದು ಬೆಂಚು ಎಂದೂ ಬರೆದೆ. ರೋಗಿಯ ಕಡೆಯವರು ಈಗ ನಿಂತೇ ಮಾತಾಡುತ್ತಾರೆ. ನಿಂತವರು ಪೂರ್ತಿ ಹೇಳುವುದಿಲ್ಲ.